ಹೆರಿಗೆ ಮಾಡಿಸುವ ಕೈಗಳಿಗೂ ತರಬೇತಿ ಬೇಕು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಹಾಲಿನ ದರ, ಬೋನಸ್, ಪಶು ಆಹಾರದ ಮಾತು ಬಿಟ್ಟು ಇವನು ಹೆರಿಗೆ ಆಸ್ಪತ್ರೆ ವಿಷಯ ಯಾಕೆ ಎತ್ತಿದ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. ಸಹಕಾರದ ಏಳು ತತ್ವಗಳಲ್ಲಿ ಐದನೆಯದು ಶಿಕ್ಷಣ, ತರಬೇತಿ ಮತ್ತು ಮಾಹಿತಿ. ಅದಕ್ಕೇ ನಾವು ಲಾಭದಲ್ಲಿ ಒಂದು ಪಾಲನ್ನು ಸಹಕಾರ ಶಿಕ್ಷಣ ನಿಧಿಗೆ ಕಟ್ಟುತ್ತೇವೆ. ಹಾಲು ಪರೀಕ್ಷಕರನ್ನೂ ಕೃತಕ ಗರ್ಭಧಾರಣೆ ಕಾರ್ಯಕರ್ತರನ್ನೂ ತರಬೇತಿಗೆ ಕಳಿಸುತ್ತೇವೆ. ಹೋಲಿಕೆ ಮಾಡಿದೆ ಅಂತ ತಾಯಂದಿರು ಬೇಸರ ಮಾಡಿಕೊಳ್ಳಬಾರದು. ಹಸುವಿನ ವಿಷಯಕ್ಕೇ ಇಷ್ಟು ಜಾಗ್ರತೆ ಇರುವಾಗ, ನಮ್ಮ ಹೆಣ್ಣುಮಕ್ಕಳ ಹೆರಿಗೆ ಮಾಡಿಸುವ ನರ್ಸಮ್ಮನಿಗೂ ಡಾಕ್ಟರಿಗೂ ಒಂದು ಸಲ ಕಲಿತದ್ದು ಸಾಕೇ? ಇದೇ ನನ್ನ ಪ್ರಶ್ನೆ.

ಮೊದಲು ಒಳ್ಳೆಯ ಸುದ್ದಿ ಹೇಳುತ್ತೇನೆ. 2001-03ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಮಕ್ಕಳು ಜೀವಂತ ಹುಟ್ಟಿದರೆ 228 ತಾಯಂದಿರು ಬಸಿರು, ಹೆರಿಗೆ, ಬಾಣಂತನದ ಕಾರಣಕ್ಕೆ ಸಾಯುತ್ತಿದ್ದರು. 2018-20ರ ಸರ್ಕಾರಿ ಲೆಕ್ಕದಲ್ಲಿ ಅದು 69ಕ್ಕೆ ಇಳಿಯಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಶಾ ಕಾರ್ಯಕರ್ತೆಯರು ಬಂದರು, 2008ರಲ್ಲಿ 108 ಗಾಡಿ ಬಂತು. ಹೆರಿಗೆಗಳು ಮನೆಯಿಂದ ಆಸ್ಪತ್ರೆಗೆ ಹೋದವು. ಆದರೆ ಅದೇ ಲೆಕ್ಕದಲ್ಲಿ ತಮಿಳುನಾಡು 54, ಕೇರಳ 19. ಅಂದರೆ ನಾವು ಇನ್ನೂ ದೂರ ನಡೆಯಬೇಕು. ಆಸ್ಪತ್ರೆ ಬಾಗಿಲು ದಾಟಿದ ಮೇಲೆ ಜೀವ ಉಳಿಸೋದು ಕಟ್ಟಡ ಅಲ್ಲ, ಒಳಗಿರುವವರ ಕೈ ಮತ್ತು ತಿಳುವಳಿಕೆ.

ಆ ತಿಳುವಳಿಕೆ ಕಾಲಕಾಲಕ್ಕೆ ಬದಲಾಗುತ್ತೆ. ಹಿಂದೆ ಮಗು ಅಳದಿದ್ದರೆ ತಲೆಕೆಳಗೆ ಹಿಡಿದು ಬೆನ್ನಿಗೆ ತಟ್ಟುತ್ತಿದ್ದರು. ಈಗ ಹಾಗೆ ಮಾಡಬಾರದು. ಮೊದಲು ಬಟ್ಟೆಯಿಂದ ಒರೆಸಿ, ಬೆಚ್ಚಗಿಟ್ಟು, ಬೆನ್ನು ಸವರಬೇಕು. ಆಗಲೂ ಉಸಿರು ಬರದಿದ್ದರೆ ಒಂದು ನಿಮಿಷದೊಳಗೆ ಬ್ಯಾಗು ಮಾಸ್ಕಿನಿಂದ ಗಾಳಿ ಕೊಡಬೇಕು. ಹಿಂದೆ ಹೊಕ್ಕುಳಬಳ್ಳಿಯನ್ನು ತಕ್ಷಣ ಕತ್ತರಿಸುತ್ತಿದ್ದರು. ಚೆನ್ನಾಗಿ ಉಸಿರಾಡುವ ಮಗುವಿಗೆ ಒಂದರಿಂದ ಮೂರು ನಿಮಿಷ ಕಾದು ಕತ್ತರಿಸಿ ಅನ್ನುತ್ತಾರೆ ಈಗ. ಮೊದಲ ದಿನವೇ ಸ್ನಾನ ಬೇಡ, ಒಂದು ಗಂಟೆಯೊಳಗೆ ತಾಯಿ ಎದೆಹಾಲು ಕೊಡಬೇಕು, ಗಿಣ್ಣುಹಾಲು ಹಿಂಡಿ ಚೆಲ್ಲಬಾರದು. ಮಗು ಹುಟ್ಟಿದ ಕೂಡಲೇ ತಾಯಿಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟರೆ ರಕ್ತಸ್ರಾವ ಕಡಿಮೆಯಾಗುತ್ತೆ. ಆ ಔಷಧಿಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡದಿದ್ದರೆ ಅದರ ಶಕ್ತಿ ಹೋಗುತ್ತೆ. ಇಪ್ಪತ್ತು ವರ್ಷದ ಹಿಂದೆ ಕೋರ್ಸು ಮುಗಿಸಿದವರಿಗೆ ಇವನ್ನೆಲ್ಲ ಯಾರಾದರೂ ಕರೆದು ಹೇಳಿಕೊಡಬೇಕಲ್ಲವೇ?

ತರಬೇತಿ ಕೊಟ್ಟರೆ ಹಳ್ಳಿಯ ನರ್ಸಮ್ಮ ಏನು ಮಾಡಬಲ್ಲಳು ಅನ್ನೋದಕ್ಕೆ ನಮ್ಮ ಬೆಳಗಾವಿ ಜಿಲ್ಲೆಯೇ ಸಾಕ್ಷಿ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಹೊರದೇಶದ ತಜ್ಞರ ಜೊತೆ ಸೇರಿ ಹಳ್ಳಿಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ಹೆರಿಗೆ ಮಾಡಿಸಿದವರು ದೊಡ್ಡ ಡಾಕ್ಟರುಗಳಲ್ಲ, 25 ಜನ ಸಹಾಯಕ ನರ್ಸುಗಳು. 1620 ಹೆರಿಗೆಗಳಲ್ಲಿ ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ ಕೊಟ್ಟರು. ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಬಿಡದೆ ಅಳತೆ ಗುರುತಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಅಳೆದರು. ಔಷಧಿ ಇಲ್ಲದವರಲ್ಲಿ ನೂರಕ್ಕೆ 12 ಜನಕ್ಕೆ ಹೆಚ್ಚು ರಕ್ತಸ್ರಾವ ಆದರೆ, ಮಾತ್ರೆ ತೆಗೆದುಕೊಂಡವರಲ್ಲಿ 6.4 ಮಾತ್ರ. 2006ರಲ್ಲಿ ಇದು ಲ್ಯಾನ್ಸೆಟ್ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಳೆಯುವ ಕೆಲಸ ಎಷ್ಟು ದೊಡ್ಡದು ಅಂತ ಹಾಲು ಅಳೆಯುವ ನಮಗೆ ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಸಾವಿರಾರು ಹೆರಿಗೆ ಮಾಡಿಸಿದ ಕೈ ಅದು, ಮಾಡಿ ಮಾಡಿ ಪಳಗಿದ ಕೈ. ಈಗ ಹೆಚ್ಚಿನ ಹೆರಿಗೆಗಳು ತಾಲ್ಲೂಕು, ಜಿಲ್ಲಾ ಆಸ್ಪತ್ರೆಗೆ ಹೋಗುತ್ತವೆ. ಸಣ್ಣ ಆಸ್ಪತ್ರೆಯ ನರ್ಸಮ್ಮನಿಗೆ ಉಸಿರು ಕಟ್ಟಿದ ಮಗು ಅಪರೂಪಕ್ಕೆ ಸಿಗುತ್ತೆ. ಸಿಕ್ಕಾಗ ಯೋಚನೆ ಮಾಡಲು ಒಂದು ನಿಮಿಷವೂ ಇಲ್ಲ. ಬಳಸದ ಕುಡುಗೋಲಿಗೆ ತುಕ್ಕು ಹಿಡಿಯುವ ಹಾಗೆ ಮಾಡದ ಕೆಲಸ ಕೈಬಿಟ್ಟು ಹೋಗುತ್ತೆ. ಸರ್ಕಾರ ಇದನ್ನು ಮನಗಂಡು ನರ್ಸುಗಳಿಗೆ 21 ದಿನದ ಹೆರಿಗೆ ತರಬೇತಿ ಮಾಡಿತು, 2009ರಲ್ಲಿ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ ತಂದು ಎರಡು ದಿನದ ತರಬೇತಿ ಕೊಟ್ಟಿತು. ಒಳ್ಳೆಯದೇ. ಆದರೆ ಸರ್ಟಿಫಿಕೇಟು ಗೋಡೆಗೆ ಹಾಕಿದರೆ ಮುಗಿಯಲಿಲ್ಲ. ಗೊಂಬೆ ಇಟ್ಟುಕೊಂಡು ತಮ್ಮ ಆಸ್ಪತ್ರೆಯಲ್ಲೇ ಆಗಾಗ್ಗೆ ಅಭ್ಯಾಸ ಮಾಡುತ್ತಿದ್ದರೆ ಮಾತ್ರ ಕಲಿತದ್ದು ಕೈಯಲ್ಲಿ ಉಳಿಯುತ್ತೆ.

ಹಾಗಾದರೆ ನಾವೇನು ಮಾಡಬಹುದು? ಮೂರು ವಿನಂತಿ ಮಾಡುತ್ತೇನೆ.

ಒಂದು, ನರ್ಸಮ್ಮ ಟ್ರೈನಿಂಗಿಗೆ ಹೋಗಿದ್ದಾರೆ ಅಂದರೆ ಅರಳಿಕಟ್ಟೆಯಲ್ಲಿ ಕೂತು ಬಯ್ಯೋದು ಬೇಡ. ನಮ್ಮ ಸೊಸೆ, ಮಗಳ ಸಲುವಾಗಿಯೇ ಹೋಗಿರೋದು. ಆ ದಿನಗಳಿಗೆ ಬದಲಿಯವರನ್ನು ಹಾಕಿ ಅಂತ ಕೇಳೋಣ.

ಎರಡು, ಆರೋಗ್ಯ ರಕ್ಷಾ ಸಮಿತಿ ಸಭೆಗೆ ಹೋಗುವ ನಮ್ಮವರು ಬಣ್ಣ, ಕಾಂಪೌಂಡಿನ ಜೊತೆಗೆ ಇದನ್ನೂ ಕೇಳಲಿ. ಈ ವರ್ಷ ಯಾರು ಯಾರಿಗೆ ತರಬೇತಿ ಆಯಿತು? ಮಗುವಿನ ಅಳತೆಯ ಬ್ಯಾಗು ಮಾಸ್ಕು ಹೆರಿಗೆ ಕೋಣೆಯಲ್ಲಿ ಕೈಗೆ ಸಿಗುವ ಹಾಗಿದೆಯೇ? ಕರೆಂಟು ಹೋದಾಗ ಔಷಧಿ ಫ್ರಿಜ್‌ಗೆ ಏನು ವ್ಯವಸ್ಥೆ?

ಮೂರು, ಅಭ್ಯಾಸದ ಗೊಂಬೆಯೊಂದನ್ನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬೆಳ್ಳಿಹಬ್ಬದ ನೆನಪಿಗೆ ಸಂಘದಿಂದ ಕೊಡೋಣ. ವೈದ್ಯಾಧಿಕಾರಿಗಳನ್ನು ಕೇಳಿ, ಖರ್ಚಿನ ವಿವರ ತಂದು, ಮುಂದಿನ ಮಹಾಸಭೆಯಲ್ಲಿ ಸದಸ್ಯರ ಒಪ್ಪಿಗೆ ಪಡೆದೇ ಮಾಡೋಣ. ಅದು ಬೆಳ್ಳಿ ತಟ್ಟೆಗಿಂತ ಹೆಚ್ಚು ಬೆಲೆ ಬಾಳುವ ಕಾಣಿಕೆ.

ಯಶಸ್ವಿನಿ ಕಾರ್ಡು ಆಸ್ಪತ್ರೆ ಖರ್ಚು ತಗ್ಗಿಸಬಹುದು. ಹರಿಯುವ ರಕ್ತ ನಿಲ್ಲಿಸೋದು, ಅಳದ ಮಗುವನ್ನು ಅಳಿಸೋದು ಕಲಿತ ಕೈ ಮಾತ್ರ. ಆ ಕೈಗಳಿಗೆ ಬಲ ಕೊಡೋಣ. 

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.