ಮರೆ ಎಂಬ ಮಾತು

ಕೇಳುಗರೇ, ಸುಳ್ಯ, ಕಡಬಗಳ ಗುಡ್ಡದ ಬದಿಯ ಮನೆಗಳಲ್ಲಿ ಹಂಚು ಇಳಿಸಿ ತಗಡಿನ ಮಾಡು ಹೊದಿಸಿದವರ ಒಂದು ದೂರು ತಮಗೂ ಪರಿಚಿತವಿದ್ದೀತು. ಮೊದಲು ಚಾವಡಿಯಲ್ಲೇ ಸಿಗುತ್ತಿದ್ದ ಫೋನು ಈಗ ಅಂಗಳಕ್ಕಿಳಿದರೆ ಮಾತ್ರ ಸಿಗುತ್ತದಂತೆ. ಇದು ಫೋನಿನ ದೋಷವಲ್ಲ. ಮೊದಲೇ ಕ್ಷೀಣವಾಗಿ ಬರುವ ರೇಡಿಯೋ ಅಲೆಗೆ ಲೋಹದ ತಗಡು ಮರೆಯಾಗಿದೆ.

ಇಂಗ್ಲಿಷಿನವರು 'ಶೀಲ್ಡಿಂಗ್' ಎನ್ನುವುದಕ್ಕೆ 'ಕವಚ' ಎಂದು ಬರೆಯುವವರುಂಟು. ನನಗೆ 'ಮರೆ'ಯೇ ಒಪ್ಪಿಗೆ. ಕರ್ಣನ ಕವಚ ಹೊರಗಿನ ಬಾಣವನ್ನಷ್ಟೇ ತಡೆಯತಕ್ಕದ್ದು. ಮೈಕ್ರೋವೇವ್ ಒಲೆಯ ಪೆಟ್ಟಿಗೆಯಾದರೋ ಅಲೆಯನ್ನು ಒಳಗೇ ಹಿಡಿದಿಡಬೇಕು. ದೀಪಕ್ಕೆ ಕೈ ಮರೆ ಮಾಡಿದರೆ ಗಾಳಿ ಒಳಕ್ಕೆ ಬಾರದು, ಆ ಬದಿಗೆ ಬೆಳಕೂ ಹೋಗದು. ಎರಡು ಕೆಲಸವೂ ಆ ಒಂದು ಮಾತಿನಲ್ಲೇ ಉಂಟು.

1836ರಲ್ಲಿ ಲಂಡನ್ನಿನ ಮೈಕೆಲ್ ಫ್ಯಾರಡೆ 12 ಅಡಿಯ ಚೌಕ ಪಂಜರವೊಂದನ್ನು ಕಟ್ಟಿ, ಲೋಹ ಹೊದಿಸಿ, ಹೊರಮೈಗೆ ಬಲವಾದ ವಿದ್ಯುತ್ತನ್ನು ಊಡಿಸಿ, ತಾನು ಒಳಗೆ ಕುಳಿತ. ಅವನ ಮಾಪಕಗಳಿಗೆ ಅದರ ಸುಳಿವೇ ಹತ್ತಲಿಲ್ಲ.

ಹಾಗಾದರೆ ರಂಧ್ರವಿದ್ದರೆ? ಅದು ಅಲೆಯ ಉದ್ದಕ್ಕಿಂತ ಬಹಳ ಚಿಕ್ಕದಾಗಿರಬೇಕು, ಅಷ್ಟೆ. ಒಲೆಯೊಳಗಿನ ಅಲೆಯ ಉದ್ದ ಸುಮಾರು 12 ಸೆಂಟಿಮೀಟರು. ಬಾಗಿಲಿನ ಜಾಲರಿಯ ತೂತು ಒಂದೆರಡು ಮಿಲಿಮೀಟರು. ಬೆಳಕು ದಾಟುತ್ತದೆ, ಅಲೆ ದಾಟದು. ಆದರೂ ಬಾಗಿಲ ಸಂದಿನಲ್ಲಿ ಸೋರಿಕೆ ಇದ್ದೀತೆಂದು, 5 ಸೆಂಟಿಮೀಟರು ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವಾಟ್ ಮೀರಬಾರದೆಂಬ ಮಾನಕವಿದೆ.

ಮರೆಯ ಬಲವನ್ನು ಡೆಸಿಬೆಲ್‌ನಲ್ಲಿ ಹೇಳುತ್ತಾರೆ. ಅಲೆಯ ಶಕ್ತಿ ನೂರರಲ್ಲೊಂದು ಪಾಲಿಗೆ ಇಳಿದರೆ 20, ಹತ್ತು ಸಾವಿರದಲ್ಲೊಂದಾದರೆ 40. ಬದಿಗಳು ಎರಡು ಮೀಟರಿಗೆ ಕಡಮೆಯಿಲ್ಲದ ಕೋಣೆಗಳಲ್ಲಿ ಇದನ್ನು ಅಳೆಯುವ ಕ್ರಮವನ್ನು ಐಇಇಇ 299 ಎಂಬ ಮಾನಕ ವಿಧಿಸುತ್ತದೆ.

ಈ ಲೆಕ್ಕ ಮನೆಮಂದಿಗೇಕೆ ಎನ್ನಬೇಡಿ. ಪುತ್ತೂರು ಪೇಟೆಗೆ ಹೋದಾಗ ಯಾರಾದರೂ ಒಂದು ಚೀಟಿ ತೋರಿಸಿ, ಫೋನಿನ ಬೆನ್ನಿಗೆ ಅಂಟಿಸಿದರೆ ಶೇಕಡಾ 99 ವಿಕಿರಣ ನಿಂತಿತೆಂದರೆ, ಅವರು ಹೇಳಿದ್ದು 20 ಡೆಸಿಬೆಲ್ಲಿನ ಮರೆ. ಅದು ನಿಜವಾದರೆ ಗುಡ್ಡದ ಮನೆಯಲ್ಲಿ ಫೋನು ಮೂಕವಾದೀತು. ಅರೆಮರೆಯಾದರೆ, ಗೋಪುರವನ್ನು ಮುಟ್ಟಲು ಫೋನು ತನ್ನ ಶಕ್ತಿಯನ್ನು ಇನ್ನೂ ಏರಿಸೀತು. ಎರಡೂ ಆಗದಿದ್ದರೆ ಚೀಟಿಯಿಂದ ಏನೂ ಆಗಲಿಲ್ಲ. ದುಡ್ಡು ಮಾತ್ರ ಹೋಯಿತು.

ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್ 1ರಿಂದ ಫೋನಿಗೆ ಒಂದು ಮಿತಿಯಿದೆ: ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ದೇಹ ಹೀರುವ ಶಕ್ತಿ ಕಿಲೋಗ್ರಾಮಿಗೆ 1.6 ವಾಟ್ ಮೀರಕೂಡದು. ಸ್ಟಾರ್, ಹ್ಯಾಶ್, ಸೊನ್ನೆ, ಏಳು, ಮತ್ತೆ ಹ್ಯಾಶ್ ಒತ್ತಿದರೆ ಅನೇಕ ಫೋನುಗಳು ತಮ್ಮ ಅಂಕಿಯನ್ನು ತಾವೇ ತೋರಿಸುತ್ತವೆ.