ಮರುಭೂಮಿಯ ಪುನರ್ದರ್ಶನ

ಘೋಡ ನದಿಯ ತೀರದ ಈ ಶಿರೂರಿನಲ್ಲಿ, ಹೊರಗಣ ಬಿರುಬಿಸಿಲಿಗೆ ಬಾಗಿಲಿಕ್ಕಿ ಕುಳಿತು, ಡೇವಿಡ್ ಲೀನ್ 1962ರಲ್ಲಿ ನಿರ್ದೇಶಿಸಿದ ‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರವನ್ನು ಬ್ಲೂ-ರೇಯಲ್ಲಿ ಮರಳಿ ನೋಡಿದೆನು. ಹಿಂದೊಮ್ಮೆ ಸವೆದ ಪ್ರತಿಯಲ್ಲಿ ಕಂದುಬಣ್ಣದ ಮಸುಕಾಗಿ ತೋರಿದ್ದ ಮರಳು, ಈಗ ಗಾಳಿ ಗೀರಿದ ಒಂದೊಂದು ರೇಖೆಯನ್ನೂ ಬೇರೆಬೇರೆಯಾಗಿ ಕಾಣಿಸುತ್ತಿದ್ದಿತು. ಮರೀಚಿಕೆಯೊಳಗಿನ ಕಪ್ಪು ಚುಕ್ಕೆಯೊಂದು ಮೆಲ್ಲಮೆಲ್ಲನೆ ಒಂಟೆಯಾಗಿ, ಒಂಟೆಯ ಮೇಲಣ ಓಮರ್ ಷರೀಫನಾಗಿ ರೂಪುಗೊಳ್ಳುವುದನ್ನು ಕಾಯುವ ಸುಖವೇ ಸುಖ. ಆ ಮರಳಿನಲ್ಲಿ ಹಿಂದುಳಿದು ಬದುಕಿಬರುವ ಗಾಸಿಮನು ನಮ್ಮ ಐ. ಎಸ್. ಜೋಹರನೆಂಬುದನ್ನು ಎಷ್ಟು ಮಂದಿ ಬಲ್ಲರೋ!

ಈ ನಿರ್ಮಲತೆಯು ಕೇವಲ ಯಂತ್ರದ ಕೊಡುಗೆಯಲ್ಲ. ಬಿಡುಗಡೆಯಾದ ಮೇಲೆ ಕತ್ತರಿಸಿ ತೆಗೆದಿದ್ದ ಭಾಗಗಳನ್ನು ರಾಬರ್ಟ್ ಹ್ಯಾರಿಸನು ಹುಡುಕಿ ಕೂಡಿಸಿದಾಗ ಕೆಲವಕ್ಕೆ ಧ್ವನಿಯೇ ಇರಲಿಲ್ಲವಾಗಿ, ಪೀಟರ್ ಓಟೂಲ್ ಮೊದಲಾದವರು ಕಾಲು ಶತಮಾನದ ಬಳಿಕ ತಮ್ಮ ಯೌವನದ ತುಟಿಗಳಿಗೆ ಮಾಗಿದ ಕಂಠವನ್ನು ಹೊಂದಿಸಬೇಕಾಯಿತು. 65 ಮಿಲಿಮೀಟರಿನ ಮೂಲ ನೆಗೆಟಿವನ್ನು ಮುಂದೆ ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿದಾಗ, ಉಷ್ಣದಿಂದ ಅದರ ಲೇಪದಲ್ಲಿ ಉಂಟಾಗಿದ್ದ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಗೋಚರಿಸಿ, ಅವನ್ನೂ ಅಳಿಸಬೇಕಾಯಿತು. ನೆಗೆಟಿವ್ ಉಳಿದಿದ್ದುದರಿಂದಲೇ ಇದೆಲ್ಲ ಸಾಧ್ಯವಾಯಿತಷ್ಟೆ.

ನಮ್ಮಲ್ಲಾದರೋ, ಹೀಗೆ ಚಿತ್ರಗಳನ್ನು ಕಾಪಿಡಲೆಂದು ನೆರೆಯ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಸ್ಥಾಪಿತವಾದದ್ದು 1964ರಲ್ಲಿ. ಅದಕ್ಕೂ ಮೂವತ್ತು ವರ್ಷ ಮೊದಲು, ಕೊಲ್ಹಾಪುರದಲ್ಲಿ ಚಿತ್ರಿತವಾಗಿ ತೆರೆಕಂಡ ಕನ್ನಡದ ಪ್ರಥಮ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿಯೊಂದೂ ಇಂದು ಉಳಿದಿಲ್ಲ.