ಇಂಡೋನೇಷ್ಯಾದ ಕಾಡಿನ ಬೆಂಕಿ



ನಾವು ಒಗ್ಗರಣೆಗೆ ಹಾಕುವ ಪಾಮೋಲಿನ್ ಎಣ್ಣೆ ಬಹುಪಾಲು ಇಂಡೋನೇಷ್ಯಾ, ಮಲೇಷ್ಯಾಗಳಿಂದ ಬರುತ್ತದೆ. ಇಂಡೋನೇಷ್ಯಾದಲ್ಲಿ ಎಷ್ಟೋ ಕಾಡುಗಳ ಅಡಿಯಲ್ಲಿರುವುದು ಬರೀ ಮಣ್ಣಲ್ಲ. ಸಾವಿರಾರು ವರ್ಷ ನೀರಲ್ಲಿ ನೆನೆದು, ಪೂರ್ತಿ ಕೊಳೆಯದೆ ಉಳಿದ ಸೊಪ್ಪು-ಸೌದೆ. ನೀರಿರುವ ತನಕ ಅದಕ್ಕೆ ಬೆಂಕಿ ಹತ್ತೋದು ಕಷ್ಟ.

1996ರಲ್ಲಿ ಅಲ್ಲಿನ ಸರ್ಕಾರ ಭತ್ತ ಬೆಳೀತೀವಿ ಅಂತ ಕಾಲಿಮಂತಾನ್ ಸೀಮೆಯಲ್ಲಿ ಉದ್ದುದ್ದ ಕಾಲುವೆ ತೋಡಿ ನೀರು ಬಸಿದು ಹಾಕಿತು. ಭತ್ತ ಕೈಗೆ ಹತ್ತಲಿಲ್ಲ, 1997ರ ಬರದಲ್ಲಿ ಬೆಂಕಿ ಹತ್ತಿತು. ನೆಲದೊಳಗೇ ಹೊಗೆಯಾಡುವ ಬೆಂಕಿ, ನಮ್ಮ ಒಣತಿಪ್ಪೆಗೆ ಕೆಂಡ ಬಿದ್ದ ಹಾಗೆ. ಮೇಲೆ ನೀರು ಸುರಿದರೆ ಆರೋದಿಲ್ಲ. ಆ ವರ್ಷ ಇಂಡೋನೇಷ್ಯಾದಿಂದ 81ರಿಂದ 257 ಕೋಟಿ ಟನ್ ಇಂಗಾಲ ಗಾಳಿ ಸೇರಿತೆಂದು ವಿಜ್ಞಾನಿಗಳ ಅಂದಾಜು. ಜಗತ್ತೆಲ್ಲ ಒಂದು ವರ್ಷ ಕಲ್ಲಿದ್ದಲು, ಪೆಟ್ರೋಲು ಸುಟ್ಟು ಬಿಡುತ್ತಿದ್ದುದರ ಶೇ. 13ರಿಂದ 40ರಷ್ಟು!

ತಾಳೆ ತೋಟಕ್ಕೂ ಇಂಥ ನೆಲವನ್ನೇ ಬಸಿದು, ಸುಟ್ಟು ಹದ ಮಾಡಿದವರುಂಟು. 2015ರಲ್ಲಿ ಮತ್ತೆ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತು. ಕಡೆಗೆ 2016ರಲ್ಲಿ ಸರ್ಕಾರವೇ ಆ ಕಾಲುವೆಗಳಿಗೆ ಅಡ್ಡಗಟ್ಟೆ ಹಾಕಿಸಲು ಒಂದು ಸಂಸ್ಥೆ ಮಾಡಿತು.